ಅಕ್ಷರ ಸ್ಪಷ್ಟವಾಗಿ ಕಾಣುವ ತೆಳ್ಳನೆಯ ಲ್ಯಾಪ್‌ಟಾಪ್: ಯಾರಿಗೆ ಯಾವುದು ಸರಿ?

ಲ್ಯಾಪ್‌ಟಾಪ್ ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, ‘ಬಜೆಟ್ ಎಷ್ಟು ಸರ್?’ ಎರಡನೆಯದು, ‘ಐ5 ಕೊಡ್ಲೋ, ಐ7 ಕೊಡ್ಲೋ?’ ನೀವು ದಿನವಿಡೀ ಏನು ಓದುತ್ತೀರಿ, ಯಾವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುತ್ತೀರಿ ಎಂದು ಕೇಳುವವರು ಕಡಿಮೆ. ಎಂಟು ತಾಸು ಕಣ್ಣು ನೆಟ್ಟಿರುವುದು ಮಾತ್ರ ಪರದೆಯ ಮೇಲೆಯೇ.

ಈ ಬರಹ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿಯುವವರಿಗೆ. ವಕೀಲರು, ಜಿಎಸ್‌ಟಿ ಲೆಕ್ಕ ಬರೆಯುವವರು, ಡಿಟಿಪಿಯವರು, ಆನ್‌ಲೈನ್‌ನಲ್ಲಿ ಸೀರೆ ಮಾರುವವರು, ಮನೆಯಲ್ಲೇ ಕೂತು ಪುಣೆ-ಬೆಂಗಳೂರಿನ ಕಂಪನಿಗೆ ಕೋಡ್ ಬರೆಯುವವರು. ಗೇಮ್ ಆಡುವವರು ಬೇರೆ ಕಡೆ ನೋಡಬೇಕು.

ಕನ್ನಡ ಓದುವವರಿಗೆ ಹೆಚ್ಚು ಪಿಕ್ಸೆಲ್ (ಚಿತ್ರ ಮೂಡಿಸುವ ಚುಕ್ಕೆ) ಇರುವ ಪರದೆಯಿಂದ ನಿಜಕ್ಕೂ ಲಾಭವಿದೆ. ಅದಕ್ಕಾಗಿ 4ಕೆ (3840×2400 ಪಿಕ್ಸೆಲ್) ತನಕ ಹೋಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಪರದೆ ತಂದು ಅದರಲ್ಲಿ ಹಳೆಯ ಸಾಫ್ಟ್‌ವೇರ್ ಹಾಕಿ, ಏನನ್ನೂ ಹೊಂದಿಸದೆ ಬಿಟ್ಟರೆ ಮಾತ್ರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ದ ಮತ್ತು ಧ

ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ನೆಟ್ಟಗೆ ಕೂರುತ್ತವೆ. ನಮ್ಮಲ್ಲಿ ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ‘ರಾಷ್ಟ್ರೀಯ’ ಎಂದು ಬರೆದು ನೋಡಿ. ಷಕಾರಕ್ಕೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಇಷ್ಟೂ 11 ಪಾಯಿಂಟ್ ಗಾತ್ರದಲ್ಲಿ ಮೂಡಬೇಕು. ದ-ಧ, ಬ-ಭ, ಪ-ಫ ಜೋಡಿಗಳಲ್ಲಂತೂ ಇರುವ ವ್ಯತ್ಯಾಸ ಬುಡದ ಒಂದು ಚಿಕ್ಕ ಸೀಳು ಅಷ್ಟೇ.

15.6 ಇಂಚಿನ ಹಳೆಯ 1366×768 ಪರದೆಯಲ್ಲಿ ಒಂದು ಇಂಚಿಗೆ ಸುಮಾರು 100 ಪಿಕ್ಸೆಲ್ ಇರುತ್ತವೆ. ಆ ಸೀಳಿಗೆ ಸಿಗುವುದು ಒಂದೋ ಎರಡೋ ಚುಕ್ಕೆ. ಓದುವವರು ಅಕ್ಷರವನ್ನು ನೋಡಿ ಓದುವುದಿಲ್ಲ, ಪದವನ್ನು ಊಹಿಸಿ ಓದುತ್ತಾರೆ. ವಾಟ್ಸಾಪ್ ಸಂದೇಶಕ್ಕೆ ಅಷ್ಟು ಸಾಕು. ಕ್ರಯಪತ್ರದಲ್ಲಿ ಹೆಸರು, ಅಡ್ಡಹೆಸರು, ಸರ್ವೆ ನಂಬರು ತಾಳೆ ನೋಡುವವರಿಗೆ ಸಾಲದು.

ವಕೀಲರಿಗೆ ಇನ್ನೊಂದು ಕೆಲಸ ಉಂಟು. ಹಳೆಯ ಕೈಬರಹದ ಉತಾರಗಳನ್ನು (ಜಮೀನಿನ ದಾಖಲೆ) ಸ್ಕ್ಯಾನ್ ಪ್ರತಿಯಲ್ಲಿ ಓದುವುದು. ಈಗಿನ ಈ ಮೂರೂ ಜಿಲ್ಲೆಗಳ ಪ್ರದೇಶ 1956ರ ತನಕ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಬೆಳಗಾವಿ ಕಡೆಯ ಹಳೆಯ ಕಾಗದಗಳಲ್ಲಿ ಮರಾಠಿಯೂ ಎದುರಾಗುತ್ತದೆ. ಅಲ್ಲೂ ಜೋಡಕ್ಷರಗಳ ಕಾಟ ಇದ್ದೇ ಇದೆ. ಇಡೀ ಪುಟ ಒಂದೇ ನೋಟಕ್ಕೆ ಸಿಗಬೇಕು, ಅಕ್ಷರವೂ ತಿಳಿಯಬೇಕು ಎಂದರೆ ಪಿಕ್ಸೆಲ್ ಬೇಕೇ ಬೇಕು. ಆದರೆ ಸ್ಕ್ಯಾನ್ ಮಾಡುವಾಗಲೇ 100 ಡಿಪಿಐಗೆ (ಇಂಚಿಗೆ 100 ಚುಕ್ಕೆ) ಇಟ್ಟಿದ್ದರೆ ಯಾವ ಪರದೆಯೂ ಏನೂ ಮಾಡಲಾರದು. ಸ್ಕ್ಯಾನ್ ಮಾಡುವವರಿಗೆ 300 ಇಡಲು ಹೇಳಿ. ಅದಕ್ಕೇನೂ ದುಡ್ಡು ಬೀಳುವುದಿಲ್ಲ.

ಪರದೆಗಿಂತ ಮೊದಲು ಸಾಫ್ಟ್‌ವೇರ್

ಲ್ಯಾಪ್‌ಟಾಪ್ ಆರಿಸುವ ಮುಂಚೆ ಒಂದು ಹಾಳೆಯಲ್ಲಿ ನಿಮ್ಮ ಕೆಲಸದ ಸಾಫ್ಟ್‌ವೇರ್‌ಗಳನ್ನೆಲ್ಲ ಬರೆಯಿರಿ. ಮ್ಯಾಕೋ, ವಿಂಡೋಸೋ, ಲಿನಕ್ಸೋ ಎಂಬ ಚರ್ಚೆ ಅರ್ಧ ಅಲ್ಲೇ ಮುಗಿಯುತ್ತದೆ.

ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶ, ಲೆಕ್ಕದ ಟ್ಯಾಲಿ, ಯಂತ್ರಭಾಗಗಳ ಡ್ರಾಯಿಂಗ್‌ನ ಸಾಲಿಡ್‌ವರ್ಕ್ಸ್ — ಈ ಮೂರರಲ್ಲಿ ಒಂದಿದ್ದರೂ ನಿಮ್ಮ ದಾರಿ ವಿಂಡೋಸ್. ಅದರಲ್ಲೂ ಇಂಟೆಲ್ ಅಥವಾ ಎಎಂಡಿ ಚಿಪ್ ಇರುವ ವಿಂಡೋಸ್. ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಹಾಕಿದ ತೆಳ್ಳನೆಯ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಈಗ ಸಿಗುತ್ತವೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಬಿಸಿ ಕಡಿಮೆ. ಸಾಮಾನ್ಯ ಪ್ರೋಗ್ರಾಂಗಳನ್ನು ಅವು ಒಳಗೊಳಗೇ ಅನುವಾದಿಸಿಕೊಂಡು ಓಡಿಸುತ್ತವೆ. ಡ್ರೈವರ್‌ಗಳಿಗೆ, ಅಂದರೆ ಪ್ರಿಂಟರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳಿಗೆ, ಆ ಅನುಕೂಲ ಇಲ್ಲ. ಡ್ರೈವರ್ ಆ ಚಿಪ್‌ಗಾಗಿಯೇ ಬರೆದಿರಬೇಕು. ನಿಮ್ಮ ಹಳೆಯ ಪ್ರಿಂಟರ್, ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ — ಇವುಗಳಿಗೆ ಅಂಥ ಡ್ರೈವರ್ ಇದೆಯೇ ಎಂದು ಮೊದಲೇ ನೋಡಬೇಕು. ರಿಟರ್ನ್ ತುಂಬುವ ಕೊನೆಯ ದಿನ ಟೋಕನ್ ಕಾಣಿಸದಿದ್ದರೆ ಬ್ಯಾಟರಿ ಎಷ್ಟು ತಾಸು ಬಂದರೇನು? ಲೆಕ್ಕ ಬರೆಯುವವರಿಗೆ ನಾನು ಸ್ನ್ಯಾಪ್‌ಡ್ರ್ಯಾಗನ್ ತಗೊಳ್ಳಿ ಎನ್ನುವುದಿಲ್ಲ.

ಕೆಲಸವೆಲ್ಲ ಬ್ರೌಸರ್‌ನಲ್ಲಿ, ಯೂನಿಕೋಡ್ ಕನ್ನಡದಲ್ಲಿ (ಯಾವ ಕಂಪ್ಯೂಟರ್‌ನಲ್ಲೂ ಓದಬಹುದಾದ ಬಗೆ) ಆಗುವವರಿಗೆ ಆಪಲ್‌ನ ಮ್ಯಾಕ್‌ಬುಕ್ ಏರ್ ಒಳ್ಳೆಯ ಆಯ್ಕೆ. ಪತ್ರಕರ್ತರು, ಅನುವಾದಕರು, ಪಾಠ ಮಾಡುವವರು ಧೈರ್ಯವಾಗಿ ತಗೊಳ್ಳಬಹುದು. 13.6 ಇಂಚಿನ ಮಾದರಿಯಲ್ಲಿ 2560×1664 ಪಿಕ್ಸೆಲ್, ಇಂಚಿಗೆ 224. ಕಾರ್ಖಾನೆಯಿಂದ ಹೊರಡುವಾಗಲೇ ಪರದೆಯ ಹೊಂದಾಣಿಕೆಯೆಲ್ಲ ಆಗಿ ಬಂದಿರುತ್ತದೆ. 2025ರ ಮಾರ್ಚ್‌ನಲ್ಲಿ ಎಂ4 ಚಿಪ್‌ನ ಏರ್ ಇಲ್ಲಿ 99,900 ರೂಪಾಯಿಗೆ ಬಂದಿತ್ತು. ದುಬಾರಿ ಎನಿಸಿದರೂ, ಅದೇ ಮಟ್ಟದ ಪರದೆ ಇರುವ ಒಳ್ಳೆಯ ವಿಂಡೋಸ್ ಲ್ಯಾಪ್‌ಟಾಪ್ ಕೂಡ ಅಗ್ಗಕ್ಕೇನೂ ಬರುವುದಿಲ್ಲ.

ಡಿಟಿಪಿಯವರ ಕಥೆ ಬೇರೆ. ಮದುವೆ ಪತ್ರಿಕೆ, ಹ್ಯಾಂಡ್‌ಬಿಲ್, ಫ್ಲೆಕ್ಸ್ ಕೆಲಸ ಇವತ್ತಿಗೂ ಎಷ್ಟೋ ಕಡೆ ಪೇಜ್‌ಮೇಕರ್ ಮತ್ತು ಹಳೆಯ ಕೋರೆಲ್‌ಡ್ರಾದಲ್ಲೇ ನಡೆಯುತ್ತದೆ. ಆ ಪ್ರೋಗ್ರಾಂಗಳು ಹುಟ್ಟಿದಾಗ ಇಂಥ ಪರದೆಗಳು ಇರಲಿಲ್ಲ. 2.8ಕೆ (2880×1800 ಪಿಕ್ಸೆಲ್) ಪರದೆಯಲ್ಲಿ ಅವುಗಳ ಬಟನ್‌ಗಳು ಒಂದೋ ಸಾಸಿವೆ ಗಾತ್ರಕ್ಕೆ ಇಳಿಯುತ್ತವೆ, ಇಲ್ಲವೇ ಮಂಜು ಕವಿದಂತೆ ಮಸುಕಾಗುತ್ತವೆ. ನಿಮ್ಮ ಹೊಟ್ಟೆಪಾಡು ಪೇಜ್‌ಮೇಕರ್ ಆಗಿದ್ದರೆ 16 ಇಂಚಿನ 1920×1200 ಸಾಕು. ಉಳಿದ ದುಡ್ಡಲ್ಲಿ ದೊಡ್ಡ ಮಾನಿಟರ್ ತನ್ನಿ. ತೆಳ್ಳಗಿರುವುದು ನಿಮಗೆ ಯಾಕೆ ಬೇಕು? ಅಂಗಡಿ ಬಿಟ್ಟು ಅದು ಎಲ್ಲೂ ಹೋಗುವುದಿಲ್ಲ.

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಡ್ರಾಯಿಂಗ್ ಮಾಡುವವರಿಗೂ ಇದೇ ಮಾತು. ದೊಡ್ಡ ಅಸೆಂಬ್ಲಿ ತೆರೆದು ತಿರುಗಿಸುವ ಕೆಲಸಕ್ಕೆ ಎಚ್ ಸರಣಿಯ (ಮಾದರಿ ಸಂಖ್ಯೆಯ ಕೊನೆಗೆ ಎಚ್ ಇರುವ, ಹೆಚ್ಚು ಶಕ್ತಿಯ) ಪ್ರೊಸೆಸರ್, ಬೇರೆಯೇ ಗ್ರಾಫಿಕ್ಸ್ ಚಿಪ್, ಗಾಳಿಯಾಡುವ ದಪ್ಪ ಮೈ ಬೇಕು. ತೆಳ್ಳನೆಯ ಯು ಮತ್ತು ವಿ ಸರಣಿಯವು ಕಾಗದದ ಕೆಲಸಕ್ಕೆ.

2.8ಕೆ, 4ಕೆ: ಎಲ್ಲರೂ ಎಡವುವುದು ಇಲ್ಲಿ

‘ಹೆಚ್ಚು ರೆಸಲ್ಯೂಷನ್ ಅಂದ್ರೆ ಪರದೆ ಮೇಲೆ ಹೆಚ್ಚು ಜಾಗ’ ಎಂದು ಅಂಗಡಿಯವರು ಹೇಳುತ್ತಾರೆ. ಅರ್ಧ ಸತ್ಯ. ಜಾಗ ಎಷ್ಟು ಸಿಗುತ್ತದೆ ಎಂಬುದನ್ನು ತೀರ್ಮಾನಿಸುವುದು ಸ್ಕೇಲಿಂಗ್, ಅಂದರೆ ಅಕ್ಷರ, ಬಟನ್‌ಗಳನ್ನು ಎಷ್ಟು ಹಿಗ್ಗಿಸಿ ತೋರಿಸಬೇಕೆಂಬ ಅಳತೆ.

14 ಇಂಚಿನ ಪರದೆಯನ್ನೇ ಹಿಡಿದು ಲೆಕ್ಕ ಹಾಕೋಣ. 1920×1200 ಇದ್ದರೆ ಇಂಚಿಗೆ ಸುಮಾರು 162 ಪಿಕ್ಸೆಲ್. 2560×1600 ಇದ್ದರೆ 216. 2880×1800, ಅಂದರೆ ಅಂಗಡಿ ಭಾಷೆಯ 2.8ಕೆ, 243. 3840×2400 ಇದ್ದರೆ 323.

ಈಗ 2880×1800 ಪರದೆಯನ್ನು ಸ್ಕೇಲಿಂಗ್ ಇಲ್ಲದೆ, ಅಂದರೆ 100 ಪ್ರತಿಶತಕ್ಕೆ ಇಟ್ಟರೆ ಅಕ್ಷರ ಓದಲು ಭೂತಗನ್ನಡಿ ಬೇಕು. ಹಾಗಾಗಿ 200 ಪ್ರತಿಶತಕ್ಕೆ ಇಡುತ್ತೀರಿ. ಆಗ ನಿಮಗೆ ಸಿಗುವ ಕೆಲಸದ ಜಾಗ 1440×900ರಷ್ಟು ಮಾತ್ರ. ಅದೇ 1920×1200 ಪರದೆಯನ್ನು 125ಕ್ಕೆ ಇಟ್ಟರೆ 1536×960 ಸಿಗುತ್ತದೆ! ದುಬಾರಿ ಪರದೆಯಲ್ಲೇ ಜಾಗ ಕಡಿಮೆಯಾಯಿತಲ್ಲ? ಹೌದು. ಹೆಚ್ಚಿನ ಪಿಕ್ಸೆಲ್‌ಗಳು ಜಾಗಕ್ಕೆ ಹೋಗಲಿಲ್ಲ, ಅಕ್ಷರದ ಅಂಚು ತಿದ್ದಲು ಹೋದವು. ಒತ್ತಕ್ಷರ ಒಡೆಯದೆ ಕಾಣುವುದು ಅದರಿಂದಲೇ.

ನಡುವಿನ ದಾರಿಯೂ ಉಂಟು. 2880×1800ನ್ನು 175ಕ್ಕೆ ಇಟ್ಟರೆ ಸುಮಾರು 1646×1029ರಷ್ಟು ಜಾಗ. 2560×1600ನ್ನು 150ಕ್ಕೆ ಇಟ್ಟರೆ ಸುಮಾರು 1707×1067. ಎಕ್ಸೆಲ್‌ನಲ್ಲಿ ಹೆಚ್ಚು ಕಾಲಂ ಬೇಕು, ಅಕ್ಷರವೂ ಚೆನ್ನಾಗಿರಬೇಕು ಎನ್ನುವವರಿಗೆ ಈ ಕೊನೆಯದು ಬಲು ಹಿತ. ನನ್ನ ಮಟ್ಟಿಗೆ 14 ಇಂಚಿನಲ್ಲಿ 2560×1600 ಎಲ್ಲಕ್ಕಿಂತ ಹದವಾದ ಪರದೆ.

4ಕೆ ಯಾಕೆ ಬೇಡ? 3840×2400 ಪರದೆಯಲ್ಲಿ 92 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್‌ಗಳಿವೆ, 1920×1200ರ ನಾಲ್ಕು ಪಟ್ಟು. ಅಷ್ಟನ್ನೂ ಪ್ರತಿ ಕ್ಷಣ ಬೆಳಗಿಸಿ, ಬಣ್ಣ ತುಂಬಲು ಬ್ಯಾಟರಿ ಬೇಕು. ಒಂದೂವರೆ ಅಡಿ ದೂರದಿಂದ ನೋಡುವ ಕಣ್ಣಿಗೆ 243ಕ್ಕೂ 323ಕ್ಕೂ ವ್ಯತ್ಯಾಸ ಬಹಳ ಕಮ್ಮಿ. 162ರಿಂದ 216ಕ್ಕೆ ಹೋದಾಗ ಮಾತ್ರ ‘ಓಹೋ’ ಎನಿಸುತ್ತದೆ. ಫೋಟೋ-ವಿಡಿಯೋ ಎಡಿಟ್ ಮಾಡುವವರು ಬೇಕಾದರೆ 4ಕೆ ನೋಡಲಿ.

ಇನ್ನು 16:10 ಆಕಾರ. ಹಳೆಯ 16:9 ಪರದೆಗಿಂತ ಇದರ ಎತ್ತರ ಜಾಸ್ತಿ. ಪುಟ ಓದುವವರಿಗೆ ಕೆಳಗಿನ ಎರಡು-ಮೂರು ಸಾಲು ಹೆಚ್ಚು ಕಾಣುತ್ತದೆ. ಸಿಕ್ಕರೆ ಇದನ್ನೇ ತಗೊಳ್ಳಿ.

ಓಎಲ್‌ಇಡಿಯೋ, ಐಪಿಎಸ್ಸೋ?

ಈಗಿನ 2.8ಕೆ ಪರದೆಗಳಲ್ಲಿ ಬಹಳಷ್ಟು ಓಎಲ್‌ಇಡಿ. ಅಂಗಡಿಯ ದೀಪದಡಿ ನೋಡಿದರೆ ಮನಸೋಲದವರಿಲ್ಲ. ಕಪ್ಪು ಅಪ್ಪಟ ಕಪ್ಪು, ಬಣ್ಣ ಕುಣಿಯುತ್ತದೆ. ಆದರೆ ವರ್ಡ್ ಮತ್ತು ಎಕ್ಸೆಲ್‌ನ ಬಿಳಿ ಪುಟದ ಮುಂದೆ ಇಡೀ ದಿನ ಕೂರುವವರಿಗೆ ಅದರಲ್ಲಿ ಕೆಲವು ತೊಡಕುಗಳಿವೆ. ಓಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಉರಿಯುತ್ತದೆ. ಕಪ್ಪು ತೋರಿಸುವಾಗ ಕರೆಂಟ್ ಉಳಿಸುತ್ತದೆ, ಬಿಳಿ ತೋರಿಸುವಾಗ ಹೆಚ್ಚು ತಿನ್ನುತ್ತದೆ. ಬಹಳಷ್ಟು ಓಎಲ್‌ಇಡಿಗಳು ಬೆಳಕು ಕಡಿಮೆ ಮಾಡಲು ಪರದೆಯನ್ನು ವೇಗವಾಗಿ ಆರಿಸಿ-ಹತ್ತಿಸುತ್ತವೆ. ಕೆಲವರಿಗೆ ಇದರಿಂದ ತಲೆನೋವು ಬರುತ್ತದೆ. ಟಾಸ್ಕ್‌ಬಾರ್‌ನಂತೆ ಸದಾ ಒಂದೇ ಕಡೆ ನಿಂತಿರುವ ಚಿತ್ರ ವರ್ಷಗಳ ಮೇಲೆ ಅಚ್ಚು ಬೀಳುವ ಸಾಧ್ಯತೆಯೂ ಇದೆ. ಮೇಲಾಗಿ ಹೆಚ್ಚಿನವು ಗಾಜಿನಂತೆ ಹೊಳೆಯುವ ಮೈಯವು. ನಮ್ಮ ಬೇಸಿಗೆಯ ಬಿಸಿಲು ಕಿಟಕಿಯಿಂದ ಬಿದ್ದರೆ ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಹೊಳಪಿಲ್ಲದ ಮ್ಯಾಟ್ ಐಪಿಎಸ್ (ಹಿಂದಿನಿಂದ ದೀಪ ಬೆಳಗುವ ಎಲ್‌ಸಿಡಿ ಬಗೆ) ಪರದೆ, 400 ನಿಟ್ಸ್ (ಪರದೆ ಬೆಳಕಿನ ಅಳತೆ) ಅಥವಾ ಹೆಚ್ಚು ಬೆಳಕು ಇದ್ದರೆ ಕಾಗದದ ಕೆಲಸದವರಿಗೆ ಅದೇ ವಾಸಿ. 250-300 ನಿಟ್ಸ್‌ನದ್ದು ಕೋಣೆಯೊಳಗೆ ಸರಿ. ಕೋರ್ಟಿನ ವರಾಂಡಾದಲ್ಲೋ ತೋಟದ ಮನೆಯ ಕಟ್ಟೆಯ ಮೇಲೋ ಕೂತರೆ ಪೇಲವ.

ಬಣ್ಣ ಮುಖ್ಯವಾಗುವುದು ಬಾಗಲಕೋಟೆ ಜಿಲ್ಲೆಯ ನೇಕಾರ ಊರುಗಳಲ್ಲಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಈಗ ಫೋಟೋ ನೋಡಿಯೇ ಮಾರಾಟವಾಗುತ್ತವೆ. ದಾಳಿಂಬೆ ಕೆಂಪು, ನವಿಲು ಹಸಿರು, ಗಿಳಿ ಹಸಿರು — ಇವು ಪರದೆಯಲ್ಲಿ ಒಂದು, ಕೈಗೆ ಬಂದಾಗ ಇನ್ನೊಂದು ಆದರೆ ಗಿರಾಕಿ ಸೀರೆ ವಾಪಸ್ ಕಳಿಸುತ್ತಾರೆ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರದಲ್ಲಿ ‘45 ಪ್ರತಿಶತ ಎನ್‌ಟಿಎಸ್‌ಸಿ’ (ಪರದೆ ತೋರಿಸಬಲ್ಲ ಬಣ್ಣಗಳ ಒಂದು ಅಳತೆ) ಎಂದಿದ್ದರೆ ಅಲ್ಲೇ ಕೆಳಗಿಡಿ. ಅದರಲ್ಲಿ ಗಾಢ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನೀವು ಅದನ್ನು ನೋಡಿ ಫೋಟೋಗೆ ಇನ್ನಷ್ಟು ಕೆಂಪು ತುಂಬುತ್ತೀರಿ, ಗಿರಾಕಿಯ ಫೋನ್‌ನಲ್ಲಿ ಅದು ರಾಚುತ್ತದೆ. ‘100 ಪ್ರತಿಶತ ಎಸ್‌ಆರ್‌ಜಿಬಿ’ (ಬಣ್ಣಗಳ ಇನ್ನೊಂದು ಅಳತೆ) ಎಂದಿರಬೇಕು. ಸೀರೆಯವರಿಗೆ ಓಎಲ್‌ಇಡಿಯೂ ಒಪ್ಪುತ್ತದೆ, ಆದರೆ ಅದರ ‘ವಿವಿಡ್’ ಮೋಡ್ ತೆಗೆದು ಎಸ್‌ಆರ್‌ಜಿಬಿ ಮೋಡ್‌ಗೆ ಇಡಬೇಕು. ಇಲ್ಲದಿದ್ದರೆ ಎಲ್ಲ ಸೀರೆಯೂ ಹೊಸ ರೇಷ್ಮೆಯಂತೆ ಕಾಣುತ್ತದೆ!

ತೆಳುವು ಮತ್ತು ವಿಜಯಪುರದ ಮೇ ತಿಂಗಳು

ಆಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ಬೇರೆ ಕಂಪನಿಗಳ ಸೂಚನೆಯೂ ಬಹುತೇಕ ಇದರ ಆಸುಪಾಸಿನಲ್ಲೇ. ವಿಜಯಪುರದಲ್ಲಿ ಏಪ್ರಿಲ್-ಮೇ ಬಂದರೆ ತಾಪಮಾನ 40 ದಾಟುತ್ತದೆ. ಬಾಗಲಕೋಟೆಯಲ್ಲೂ ಏನೂ ಕಮ್ಮಿಯಿಲ್ಲ. ಬೆಳಗಾವಿ ಊರಿನವರು ಬಿಸಿಯ ಮಾತು ಬಿಟ್ಟು ರ್‍ಯಾಮ್‌ನಿಂದ ಮುಂದೆ ಓದಬಹುದು, ಅವರಿಗೆ ತಂಪು ಗಾಳಿ ಇದೆ.

ಲ್ಯಾಪ್‌ಟಾಪ್ ತೆಳ್ಳಗಾದಷ್ಟೂ ಒಳಗಿನ ಬಿಸಿ ಹೊರಹೋಗುವ ದಾರಿ ಕಿರಿದು. ಮ್ಯಾಕ್‌ಬುಕ್ ಏರ್‌ನಲ್ಲಿ 2020ರ ಎಂ1 ಮಾದರಿಯಿಂದ ಫ್ಯಾನೇ ಇಲ್ಲ. ಬಿಸಿ ಏರಿದರೆ ಚಿಪ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಟೈಪಿಂಗ್, ಬ್ರೌಸಿಂಗ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ. ಮಧ್ಯಾಹ್ನದ ಝಳದಲ್ಲಿ ಉದ್ದನೆಯ ವಿಡಿಯೋ ತಯಾರಿಸಿದರೆ ಗೊತ್ತಾಗುತ್ತದೆ. ಫ್ಯಾನ್ ಇರುವ ವಿಂಡೋಸ್ ಲ್ಯಾಪ್‌ಟಾಪ್ ಹೋರಾಡುತ್ತದೆ, ಆದರೆ ಸದ್ದು ಮಾಡುತ್ತದೆ, ಒಳಗೆ ಧೂಳನ್ನೂ ಎಳೆದುಕೊಳ್ಳುತ್ತದೆ. ಧೂಳಿನ ಊರುಗಳಲ್ಲಿ ಬೇಸಿಗೆಗೆ ಮುಂಚೆ ಒಮ್ಮೆ ಫ್ಯಾನ್ ಶುಚಿ ಮಾಡಿಸಿ. ಹಾಸಿಗೆ-ದಿಂಬಿನ ಮೇಲೆ ಇಟ್ಟು ಕೆಲಸ ಮಾಡಬೇಡಿ, ಕೆಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗುವುದು ಬ್ಯಾಟರಿಗೆ ಎಲ್ಲಕ್ಕಿಂತ ಕೆಟ್ಟದ್ದು.

ರ್‍ಯಾಮ್ ವಿಷಯದಲ್ಲಿ ಎರಡನೇ ಯೋಚನೆ ಬೇಡ. ತೆಳ್ಳನೆಯವುಗಳಲ್ಲಿ ಹೆಚ್ಚಿನವಕ್ಕೆ ರ್‍ಯಾಮನ್ನು ಬೋರ್ಡ್‌ಗೇ ಬೆಸೆದಿರುತ್ತಾರೆ. ಮುಂದೆ ಹೆಚ್ಚಿಸಲು ಆಗುವುದಿಲ್ಲ. ಇವತ್ತು 8 ಜಿಬಿ ತಗೊಂಡರೆ ಕೊನೆತನಕ 8 ಜಿಬಿಯೇ. 16 ಇರಲಿ. ಫೈಲ್‌ಗಳನ್ನು ಇಡುವ ಎಸ್‌ಎಸ್‌ಡಿಯನ್ನು ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬದಲಿಸಬಹುದು, ಹಾಗಾಗಿ 512 ಜಿಬಿ ಸಾಕು. ಮ್ಯಾಕ್‌ಬುಕ್ ಏರ್‌ನಲ್ಲಿ ಅದೂ ಆಗದು.

ವೈರ್ ಸಿಕ್ಕಿಸುವ ಕಿಂಡಿಗಳೂ (ಪೋರ್ಟ್) ಕಡಿಮೆ. ಕೆಲವದರಲ್ಲಿ ಯುಎಸ್‌ಬಿ-ಸಿ ಎರಡು, ಹೆಡ್‌ಫೋನಿಗೆ ಒಂದು, ಮುಗಿಯಿತು. ಪೆನ್‌ಡ್ರೈವ್, ಡಿಜಿಟಲ್ ಸಹಿ ಟೋಕನ್, ಕಾಲೇಜಿನ ಹಳೆಯ ವಿಜಿಎ ಪ್ರೊಜೆಕ್ಟರ್ — ಯಾವುದೂ ನೇರ ಕೂರುವುದಿಲ್ಲ. ಒಂದು ಕಿಂಡಿಯನ್ನು ಹಲವು ಬಗೆಯ ಕಿಂಡಿ ಮಾಡಿಕೊಡುವ ಹಬ್ ಬ್ಯಾಗಿನಲ್ಲಿರಲೇಬೇಕು. ಪ್ರೊಜೆಕ್ಟರ್ ಮುಂದೆ ಪಾಠ ಮಾಡುವವರು ಎಚ್‌ಡಿಎಂಐ, ವಿಜಿಎ ಎರಡೂ ಇರುವ ಹಬ್ ನೋಡಲಿ. ಲಾಭದ ಮಾತೆಂದರೆ ಯುಎಸ್‌ಬಿ-ಸಿ ಚಾರ್ಜಿಂಗ್. 65 ವ್ಯಾಟ್‌ನ ಒಂದು ಚಾರ್ಜರ್‌ನಲ್ಲಿ ಲ್ಯಾಪ್‌ಟಾಪ್, ಫೋನ್ ಎರಡೂ ನಡೆಯುತ್ತವೆ.

ಕರೆಂಟ್ ಹೋದರೆ ಲ್ಯಾಪ್‌ಟಾಪ್‌ಗೆ ತನ್ನದೇ ಬ್ಯಾಟರಿ ಇದೆ. ಮೊದಲು ಸಾಯುವುದು ವೈಫೈ ರೂಟರ್. ಹೆಸ್ಕಾಂ ಕರೆಂಟ್ ನಂಬಿಕೊಂಡು ಮೀಟಿಂಗ್‌ಗೆ ಕೂರುವವರು ರೂಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಹಾಕಿಸಿದರೆ ಅರ್ಧ ಚಿಂತೆ ಮುಗಿಯಿತು. ಬ್ಯಾಟರಿಯಲ್ಲಿ 60 ವ್ಯಾಟ್-ಅವರ್ ಮೇಲಿದ್ದರೆ ಒಳ್ಳೆಯದು. ಜಾಹೀರಾತಿನ ‘18 ತಾಸು’ ನೋಡಬೇಡಿ, ಈ ಅಂಕಿ ನೋಡಿ.

ತಂದ ಮೇಲೆ ಹೊಂದಿಸುವುದು

ಮೊದಲು ವಿಂಡೋಸ್ ಅಪ್‌ಡೇಟ್ ಪೂರ್ತಿ ಮುಗಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ‘ಹಳೆಯದೇ ಹಾಕಿಕೊಡಿ, ಅದೇ ರೂಢಿ’ ಎನ್ನಬೇಡಿ.

ಆಮೇಲೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ಸ್ಕೇಲ್ ಆರಿಸಿ. ರೆಸಲ್ಯೂಷನ್‌ಗೆ ಕೈ ಹಚ್ಚಬೇಡಿ. ಅಕ್ಷರ ಚಿಕ್ಕದಾಯಿತೆಂದು ರೆಸಲ್ಯೂಷನ್ ಇಳಿಸುವವರನ್ನು ಕಚೇರಿಗಳಲ್ಲಿ ಬಹಳ ಕಾಣುತ್ತೇನೆ. ಹಾಗೆ ಮಾಡಿದರೆ ಪರದೆ ತನ್ನ ಸ್ವಂತ ಪಿಕ್ಸೆಲ್‌ಗಳಿಗೆ ಹೊಂದದ ಚಿತ್ರ ತೋರಿಸುತ್ತದೆ, ಎಲ್ಲವೂ ಮಸುಕು. ರೆಸಲ್ಯೂಷನ್ ಪೂರ್ತಿ ಇರಲಿ, ಸ್ಕೇಲ್ ಏರಿಸಿ. ಸ್ಕೇಲ್ ಸರಿ ಇದ್ದೂ ಅಕ್ಷರ ಮಾತ್ರ ಸ್ವಲ್ಪ ದೊಡ್ಡದು ಬೇಕೆಂದರೆ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಎಂದು ಬೇರೆಯೇ ಇದೆ. ಚಾಳೀಸು ಬಂದವರಿಗೆ ಅದು ವರ.

ಈಗ ನುಡಿ. ಹಳೆಯ ಆವೃತ್ತಿಗಳು ಹೆಚ್ಚಿನ ಪಿಕ್ಸೆಲ್ ಪರದೆಯಲ್ಲಿ ಮಸುಕಾಗಿ ಕಾಣಬಹುದು. ಪ್ರೋಗ್ರಾಂ ‘ಇದು ಮಾಮೂಲಿ ಪರದೆ’ ಎಂದುಕೊಂಡು ಚಿತ್ರ ಬಿಡಿಸುತ್ತದೆ, ವಿಂಡೋಸ್ ಅದನ್ನು ಹಿಗ್ಗಿಸಿ ತೋರಿಸುತ್ತದೆ. ಇದಕ್ಕೆ ಮದ್ದಿದೆ. ಪ್ರೋಗ್ರಾಂನ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಕಂಪ್ಯಾಟಿಬಿಲಿಟಿ ಟ್ಯಾಬ್ ತೆರೆಯಿರಿ. ಅಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಒತ್ತಿ. ಕೆಳಗೆ ಓವರ್‌ರೈಡ್ ಎಂಬ ಚೌಕಕ್ಕೆ ಟಿಕ್ ಹಾಕಿ, ‘ಸಿಸ್ಟಮ್ (ಎನ್‌ಹ್ಯಾನ್ಸ್ಡ್)’ ಆರಿಸಿ. ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆಯಿರಿ. ಸರಿಹೋಗದಿದ್ದರೆ ‘ಅಪ್ಲಿಕೇಷನ್’ ಎಂಬುದನ್ನು ಹಾಕಿ ನೋಡಿ, ಅಕ್ಷರ ಸ್ಪಷ್ಟವಾಗುತ್ತದೆ, ಬಟನ್‌ಗಳು ಚಿಕ್ಕದಾಗುತ್ತವೆ. ಎರಡರಲ್ಲಿ ಕಣ್ಣಿಗೆ ಯಾವುದು ಹಿತವೋ ಅದು. ಇದೇ ಉಪಾಯ ಹಳೆಯ ಕೋರೆಲ್‌ಡ್ರಾಗೂ ನಡೆಯುತ್ತದೆ, ಪೂರ್ತಿ ಗುಣ ಆಗುತ್ತದೆಂಬ ಭರವಸೆ ಬೇಡ.

ಆಗುವುದಾದರೆ ಹೊಸ ಬರಹಗಳನ್ನು ಯೂನಿಕೋಡ್‌ನಲ್ಲೇ ಶುರು ಮಾಡಿ. ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಹೊಸ ಪರದೆಯಲ್ಲಿ ಚೆನ್ನಾಗಿ ಮೂಡುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿದರೆ ಕನ್ನಡ ಕೀಬೋರ್ಡ್ ಸಿಗುತ್ತದೆ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಫೋನೆಟಿಕ್ ಬಗೆಯೂ ಅದರಲ್ಲಿದೆ. ನುಡಿ ವಿನ್ಯಾಸಕ್ಕೆ ಬೆರಳು ಒಗ್ಗಿದವರು ನುಡಿಯ ಯೂನಿಕೋಡ್ ಮೋಡ್ ಬಳಸಲಿ.

ಪಿಡಿಎಫ್ ಓದಲು ಅಡೋಬಿ ಬಳಸುವವರಿಗೆ ಅದರ ಟೂಲ್‌ಬಾರ್ ಚಿಕ್ಕದಾಗಿ ಕಂಡರೆ, ಪ್ರಿಫರೆನ್ಸಸ್‌ನ ಜನರಲ್ ಭಾಗದಲ್ಲಿ ಪರದೆಯ ರೆಸಲ್ಯೂಷನ್‌ಗೆ ತಕ್ಕಂತೆ ಹಿಗ್ಗಿಸುವ ಆಯ್ಕೆ ಇದೆ.

ಆಫೀಸಿನ ಮೇಜಿನ ಮೇಲೆ 24 ಇಂಚಿನ ಸಾಮಾನ್ಯ 1920×1080 ಮಾನಿಟರ್ ಇದ್ದರೆ, ವಿಂಡೋಸ್ ಎರಡು ಪರದೆಗೆ ಬೇರೆ ಬೇರೆ ಸ್ಕೇಲ್ ಇಡಲು ಬಿಡುತ್ತದೆ. ಲ್ಯಾಪ್‌ಟಾಪ್‌ಗೆ 175, ಮಾನಿಟರ್‌ಗೆ 100. ಹೊಸ ಪ್ರೋಗ್ರಾಂಗಳು ಅತ್ತಿಂದಿತ್ತ ಎಳೆದರೂ ಹೊಂದಿಕೊಳ್ಳುತ್ತವೆ. ಹಳೆಯವು ಒಂದು ಕಡೆ ಸರಿ, ಇನ್ನೊಂದು ಕಡೆ ಮಸುಕು. ಅವುಗಳನ್ನು ಮಾನಿಟರ್ ಮೇಲೇ ಇಟ್ಟು ಬಳಸಿ, ತಂಟೆಯೇ ಇಲ್ಲ. ಮ್ಯಾಕ್‌ನವರಿಗೆ ಒಂದು ಕಿವಿಮಾತು: 2018ರ ಮೊಹಾವಿ ಆವೃತ್ತಿಯಿಂದ ಆಪಲ್ ಅಕ್ಷರದ ಅಂಚು ನಯಗೊಳಿಸುವ ಹಳೆಯ ವಿಧಾನ ಕೈಬಿಟ್ಟಿದೆ. ಅಗ್ಗದ ಮಾನಿಟರ್‌ಗೆ ಜೋಡಿಸಿದರೆ ಕನ್ನಡ ತುಸು ತೆಳುವಾಗಿ, ಕೆದರಿದಂತೆ ಕಾಣುತ್ತದೆ. ಮ್ಯಾಕ್ ತಗೊಳ್ಳುವವರು ಮಾನಿಟರ್‌ಗೂ ದುಡ್ಡು ಎತ್ತಿಡಬೇಕು.

ರಿಫ್ರೆಶ್ ದರ (ಸೆಕೆಂಡಿಗೆ ಎಷ್ಟು ಸಲ ಪರದೆ ಚಿತ್ರ ಹೊಸದು ಮಾಡುತ್ತದೆ ಎಂಬುದು) 120 ಹರ್ಟ್ಸ್ ಇದ್ದರೆ ಬ್ಯಾಟರಿಯಲ್ಲಿರುವಾಗ 60ಕ್ಕೆ ಇಳಿಸಿ. ಹೆಚ್ಚಿನ ಕಾಲ ಚಾರ್ಜರ್‌ಗೇ ಸಿಕ್ಕಿಸಿ ಕೆಲಸ ಮಾಡುವವರು ಕಂಪನಿಯ ಆ್ಯಪ್‌ನಲ್ಲಿ ಚಾರ್ಜ್ ಮಿತಿಯನ್ನು 80ಕ್ಕೆ ಇಡಿ. ಬಿಸಿಯೂರಲ್ಲಿ ಬ್ಯಾಟರಿ ಉಬ್ಬುವುದು ತಪ್ಪಲು ಇದು ನೆರವಾಗುತ್ತದೆ.

ಲಿನಕ್ಸ್ ಹಾಕುವ ಹುಡುಗರಿಗೆ, ಬೆಳಗಾವಿ-ಬಾಗಲಕೋಟೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥವರು ಸಾಕಷ್ಟು ಇದ್ದಾರೆ, ಸ್ವಲ್ಪ ಹೆಚ್ಚು ಹೇಳಬೇಕು. ಉಬುಂಟುವಿನಲ್ಲಿ 100 ಮತ್ತು 200 ಸುಲಭ. ನಡುವಿನ 125, 150 ಬೇಕೆಂದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಫ್ರ್ಯಾಕ್ಷನಲ್ ಸ್ಕೇಲಿಂಗ್ ಸ್ವಿಚ್ ಹಾಕಬೇಕು. ಪರದೆಗೆ ಚಿತ್ರ ಕೊಡುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಎರಡು ಪರದೆಗೆ ಬೇರೆ ಸ್ಕೇಲ್ ಇಡಬಹುದು, ಆದರೆ ಹಳೆಯ ಎಕ್ಸ್11 ಪ್ರೋಗ್ರಾಂಗಳು ಅಲ್ಲಿ ಮಸುಕಾಗುತ್ತವೆ. ಹಾಗಾಗಿ ಲಿನಕ್ಸ್‌ಗೆ ನಿಖರ 200ರಲ್ಲಿ ಕೂರುವ 2880×1800 ಪರದೆಯೇ ಸಲೀಸು. ವಿಂಡೋಸ್‌ಗೆ ನಾನು ಕೊಟ್ಟ ಸಲಹೆಗೆ ಇದು ಉಲ್ಟಾ, ಗೊತ್ತಿದೆ. ಕನ್ನಡ ಟೈಪಿಂಗ್‌ಗೆ ಐಬಸ್ (ಲಿನಕ್ಸ್‌ನ ಟೈಪಿಂಗ್ ಸಾಧನ) ಜೊತೆ ಎಂ17ಎನ್ ಹಾಕಿದರೆ ಕೆಜಿಪಿ (ನುಡಿಯ) ವಿನ್ಯಾಸ ಸಿಗುತ್ತದೆ. ಫಾಂಟ್‌ಗೆ ನೋಟೋ ಸಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು ಇವೆ. ಇತ್ತೀಚಿನ ಕೆಲವು ತೆಳ್ಳನೆಯ ಇಂಟೆಲ್ ಲ್ಯಾಪ್‌ಟಾಪ್‌ಗಳ ಕ್ಯಾಮೆರಾ ಮತ್ತು ಬೆರಳಚ್ಚು ರೀಡರ್ ಲಿನಕ್ಸ್‌ನಲ್ಲಿ ಸತಾಯಿಸುತ್ತವೆ. ಲೈವ್ ಪೆನ್‌ಡ್ರೈವ್ ಹಾಕಿ ನೋಡಿಯೇ ಪಾರ್ಟಿಷನ್ ಮುಟ್ಟಿ.

ಕೊಳ್ಳುವ ದಿನ

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ಮೂರು ಫೈಲ್ ಇರಲಿ: ಒಂದು ಸ್ಕ್ಯಾನ್ ಮಾಡಿದ ಉತಾರ, ಒಂದು ಕನ್ನಡ ವರ್ಡ್ ಫೈಲ್, ಒಂದು ಬಣ್ಣದ ಫೋಟೋ. ಅಂಗಡಿಯವರ ಡೆಮೊ ವಿಡಿಯೋದಲ್ಲಿ ಯಾವ ಪರದೆಯೂ ಕೆಟ್ಟದಾಗಿ ಕಾಣುವುದಿಲ್ಲ. ವರ್ಡ್ ಫೈಲನ್ನು 100 ಪ್ರತಿಶತ ಝೂಮ್‌ನಲ್ಲಿ ಇಟ್ಟು ಮಾಮೂಲಿ ದೂರದಿಂದ ದ-ಧ ಬೇರೆ ಬೇರೆ ಕಾಣುತ್ತವೆಯೇ ನೋಡಿ. ಪರದೆಯನ್ನು ಬಾಗಿಲ ಕಡೆ ತಿರುಗಿಸಿ ಹೊಳಪು ನೋಡಿ. ಕೀಬೋರ್ಡ್ ಮೇಲೆ ಒಂದು ಪ್ಯಾರಾ ಟೈಪ್ ಮಾಡಿ, ತೆಳ್ಳನೆಯವುಗಳಲ್ಲಿ ಕೀಲಿ ಒಳಗೆ ಹೋಗುವ ಆಳ ಕಡಿಮೆ, ಎಲ್ಲರ ಬೆರಳಿಗೂ ಒಗ್ಗುವುದಿಲ್ಲ.

ವಾರಂಟಿಯಲ್ಲಿ ‘ಆನ್‌ಸೈಟ್’ ಎಂದಿದೆಯೋ, ‘ಕ್ಯಾರಿ-ಇನ್’ ಎಂದಿದೆಯೋ ಓದಿ. ಆನ್‌ಸೈಟ್ ಆದರೆ ರಿಪೇರಿಯವರು ನಿಮ್ಮಲ್ಲಿಗೇ ಬರುತ್ತಾರೆ, ಕ್ಯಾರಿ-ಇನ್ ಆದರೆ ನೀವೇ ಹೊತ್ತುಕೊಂಡು ಹೋಗಬೇಕು. ಆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮೂರಲ್ಲೇ ಇದೆಯೋ, ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಬಸ್ ಹತ್ತಬೇಕೋ ಎಂಬುದನ್ನು ಅಂಗಡಿಯವರ ಬಾಯಿಂದ ಕೇಳಬೇಡಿ, ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. ಇಂಡಿಯಲ್ಲೋ ಜಮಖಂಡಿಯಲ್ಲೋ ಇರುವವರಿಗೆ ಆನ್‌ಸೈಟ್ ವಾರಂಟಿ ಐ5-ಐ7 ವ್ಯತ್ಯಾಸಕ್ಕಿಂತ ದೊಡ್ಡದು. ಐ7 ಜೊತೆ ಕ್ಯಾರಿ-ಇನ್, ಐ5 ಜೊತೆ ಆನ್‌ಸೈಟ್ ಒಂದೇ ಬೆಲೆಗೆ ಬಂದರೆ ಎರಡನೆಯದನ್ನೇ ತಗೊಳ್ಳಿ. ಬಿದ್ದು ಒಡೆದರೂ ಸಿಗುವ ಆಕ್ಸಿಡೆಂಟಲ್ ರಕ್ಷಣೆ ಬೈಕಿನಲ್ಲಿ ಓಡಾಡುವವರಿಗೆ ಬೇಕೇ ಬೇಕು, ಏಕೆಂದರೆ 2.8ಕೆ ಪರದೆ ಬದಲಿಸುವ ಖರ್ಚು ಸಣ್ಣದಲ್ಲ.

ಲ್ಯಾಪ್‌ಟಾಪ್ ಮೇಲೆ 18 ಪ್ರತಿಶತ ಜಿಎಸ್‌ಟಿ ಇದೆ. ನಿಮ್ಮದು ನೋಂದಾಯಿತ ವ್ಯವಹಾರವಾಗಿದ್ದು, ಕಾಂಪೊಸಿಷನ್ ಸ್ಕೀಮಿನಲ್ಲಿ ಇಲ್ಲದಿದ್ದರೆ, ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿಯೇ ಬಿಲ್ ಪಡೆಯಿರಿ, ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಬಹುದು. ಬಿಲ್ ಮೇಲಿನ ಸೀರಿಯಲ್ ನಂಬರ್ ಮತ್ತು ಲ್ಯಾಪ್‌ಟಾಪ್ ಕೆಳಗಿನದ್ದು ಒಂದೇ ಇದೆಯೇ ನೋಡಿ. ಅಂಗಡಿ ಬಿಡುವ ಮುಂಚೆ ಇಡೀ ಪರದೆಗೆ ಒಮ್ಮೆ ಅಚ್ಚ ಬಿಳಿ, ಒಮ್ಮೆ ಅಚ್ಚ ಕಪ್ಪು ಚಿತ್ರ ತುಂಬಿಸಿ ಸತ್ತ ಪಿಕ್ಸೆಲ್ ಇದೆಯೇ ಹುಡುಕಿ. ಇದ್ದರೆ ಅಲ್ಲೇ ಬದಲಿಸಿಕೊಳ್ಳಿ. ಮನೆಗೆ ಹೋದ ಮೇಲೆ ‘ಒಂದೆರಡು ಪಿಕ್ಸೆಲ್‌ಗೆ ವಾರಂಟಿ ಬರಲ್ಲ ಸರ್’ ಎಂಬ ಉತ್ತರ ಸಿಗಬಹುದು.